ಕಾರವಾರದ ಕುರ್ಚಿ ವ್ಯಾಯಾಮದ ಕ್ಲಾಸ್: ಸುಸ್ತಿದ್ದವರಿಗೆ ಒಳ್ಳೆಯದು, ಕುರ್ಚಿ ಮಾತ್ರ ಸರಿಯಿಲ್ಲ

ಟಾಗೋರ್ ಕಡಲತೀರದಿಂದ ಸ್ವಲ್ಪ ಒಳಗೆ, ಒಂದು ಸಣ್ಣ ಹಾಲ್‌ನಲ್ಲಿ ನಡೆಯುವ ಕ್ಲಾಸ್ ಇದು. ಕೆಳಗೆ ಸ್ವಲ್ಪ ಬೈದಿದ್ದೇನೆ, ಹಾಗಾಗಿ ಹೆಸರು ಬೇಡ. ಜ್ವರ ಬಂದು ಹೋದ ಮೇಲೆ ಮೈಯಲ್ಲಿ ತ್ರಾಣವೇ ಇರಲಿಲ್ಲ, ಜಿಮ್ ಅಂದರೆ ದೂರದ ಮಾತು, ಅದಕ್ಕೇ ಇಲ್ಲಿ ಸೇರಿದೆ.

ಬಂದ ಕೂಡಲೇ 'ಇವತ್ತು ಹೇಗಿದ್ದೀರಿ' ಅಂತ ಕೇಳುತ್ತಾರೆ. ಸುಸ್ತು ಅಂದರೆ ಕುರ್ಚಿಯಲ್ಲೇ ಕೂರಿಸಿ ಹಿಮ್ಮಡಿ ಎತ್ತಿಳಿಸುವುದು, ಭುಜ ತಿರುಗಿಸುವುದು, ಒಂದೊಂದೇ ಕಾಲು ಚಾಚಿ ಐದು ಎಣಿಸುವವರೆಗೆ ಹಿಡಿಯುವುದು, ಕೊನೆಗೆ ಕೈ ಊರದೆ ಎದ್ದು ನಿಧಾನವಾಗಿ ಕೂರುವುದು. ಇಷ್ಟೇನಾ ಅನ್ನಿಸುತ್ತದೆ, ಆದರೆ ಆ ನಿಧಾನದಲ್ಲಿ ತೊಡೆ ನಡುಗುತ್ತದೆ ನೋಡಿ! ಮಾಡುತ್ತಾ ಮಾತಾಡಲು ಆಗಬೇಕು, ಏದುಸಿರು ಬಂದರೆ ನಿಲ್ಲಿಸಬೇಕು. ಮರುದಿನ ಸುಸ್ತು ಜಾಸ್ತಿಯಾದರೆ ಅರ್ಧಕ್ಕೆ ಇಳಿಸುತ್ತಾರೆ. ಸುಸ್ತು ವಾರಗಟ್ಟಲೆ ಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ ಅನ್ನುತ್ತಾರೆ, ಅದು ಸರಿಯಾದ ಮಾತು.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಹೇಳುತ್ತದೆ, ಅಲ್ವಾ? ಒಂದೇ ಸಲಕ್ಕೆ 10 ನಿಮಿಷ ಮಾಡಲೇಬೇಕು ಅನ್ನುವ ಷರತ್ತು 2020ರ ಸಲಹೆಯಲ್ಲಿ ಇಲ್ಲ. ಐದು ನಿಮಿಷದ ನಡಿಗೆಯೂ ಲೆಕ್ಕಕ್ಕೆ ಬರುತ್ತದೆ.

ಬೈಗುಳ ಈಗ. ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ಮೇಲೆ ಜಾರುತ್ತದೆ, ಗೋಡೆಗೆ ಒತ್ತಿಯೇ ಕೂರಬೇಕು. ಕರೆಂಟ್ ಹೋದರೆ ಸೆಕೆ ತಡೆಯಲಾಗದು. ಸುಸ್ತಿನವರಿಗೇ ಅಂತ ಕ್ಲಾಸ್ ಇಟ್ಟು, ಸುಸ್ತಾಗಿ ಬರದ ದಿನಕ್ಕೂ ದುಡ್ಡು ಹಿಡಿಯುವುದು ಯಾವ ನ್ಯಾಯವೋ! ಸೇರುವುದಾದರೆ ಎರಡನೇ ಬ್ಯಾಚ್‌ಗೆ ಸೇರಿ, ಮೊದಲನೆಯದರಲ್ಲಿ ಸುಮ್ನೆ ರಶ್.