ಕ್ಯಾರೆಟ್‌ಗೆ ಗ್ರೋ ಬ್ಯಾಗಾ, ಪೇಂಟ್ ಬಕೆಟ್ಟಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೇಂಟ್ ಬಕೆಟ್ಟಿಗೆ. ಪೇಂಟರ್ ಹತ್ತಿರ ಒಂದಕ್ಕೆ 50 ರೂಪಾಯಿ ಕೊಟ್ಟು ತಂದ 20 ಲೀಟರಿನ ಹಳೇ ಬಕೆಟ್ಟು. ಆನ್‌ಲೈನಿನಲ್ಲಿ ತರಿಸಿದ ಎಂಟು ಗ್ರೋ ಬ್ಯಾಗಿಗೆ (ಗಿಡ ಬೆಳೆಸುವ ಚೀಲ) ಸುರಿದ 720 ರೂಪಾಯಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನೆಲ ಬಿಟ್ಟು ತಾರಸಿ ಹತ್ತಿದ್ದಕ್ಕೆ ಕಾರಣ ಇದೆ. ಚಿಕ್ಕಮಗಳೂರಿನ ನಮ್ಮ ಹಿತ್ತಲಲ್ಲಿ ಹಿಂದಿನ ವರ್ಷ ಪಾತಿ ಮಾಡಿ ಬಿತ್ತಿದ್ದೆ. ಕಿತ್ತು ನೋಡಿದರೆ ಒಂದು ಕ್ಯಾರೆಟ್‌ಗೆ ಮೂರು ಕಾಲು, ಎಳೆ ಬೇರಿನ ತುಂಬ ರಾಗಿ ಕಾಳಿನಂಥ ಗಂಟು. ಬೇರುಗಂಟು ಜಂತುಹುಳದ ಕೆಲಸ ಅಂದರೆ ಇದೇ, ಮಣ್ಣಿನಲ್ಲಿರುವ ಆ ಹುಳ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ನೆಟ್ಟಗೆ ಬಂದಿದ್ದ ನಾಲ್ಕನ್ನು ಹೆಗ್ಗಣ ಮುಗಿಸಿತ್ತು. "ಎಂತಕ್ಕೋ ಈ ಪಾಡು, ಸಂತೇಲಿ ಸಿಗಲ್ವಾ?" ಅಂದರು ಅಮ್ಮ.

ಇಂಗ್ಲೆಂಡಿನವರ ವಿಡಿಯೊ ನೋಡಿದರೆ ಕ್ಯಾರೆಟ್ ಕುಂಡವನ್ನು ಎರಡಡಿ ಎತ್ತರದಲ್ಲಿಡಿ ಎನ್ನುತ್ತಾರೆ. ಅಲ್ಲಿ ಕ್ಯಾರೆಟ್ ನೊಣದ ಕಾಟ, ಅದು ಹಾರುವುದೇ ನೆಲದ ಹತ್ತಿರ. ನಮ್ಮ ತಲೆನೋವು ಮಣ್ಣಿನೊಳಗಿನದು. ಹಿತ್ತಲ ಮಣ್ಣನ್ನೇ ಕುಂಡಕ್ಕೆ ತುಂಬಿದರೆ ಹುಳುವನ್ನು ನಾವೇ ಹೊತ್ತು ಮೇಲೆ ತಂದ ಹಾಗೆ. ಅದಕ್ಕೆ ಹೊರಗಿನ ಕೆಂಪು ಮಣ್ಣು ಎರಡು ಪಾಲು, ಮರಳು, ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಚೆನ್ನಾಗಿ ಕಳಿತ ಗೊಬ್ಬರ ಒಂದೊಂದು ಪಾಲು, ಮೇಲೆ ಎರಡು ಹಿಡಿ ಬೇವಿನ ಹಿಂಡಿ ಬೆರೆಸಿದೆ. ಹಸಿ ಗೊಬ್ಬರ ಹಾಕಿದರೆ ಮತ್ತೆ ಕವಲು ಒಡೆಯುತ್ತದೆ. ಬ್ಯಾಗಿಗೂ ಬಕೆಟ್ಟಿಗೂ ಇದೇ ಮಣ್ಣು, ಒಂದೇ ಪೊಟ್ಟಣದ ಬೀಜ, ಸೆಪ್ಟೆಂಬರ್ ಕೊನೆಯಲ್ಲಿ ಬಿತ್ತನೆ.

ಹತ್ತನೇ ದಿನ ಎರಡರಲ್ಲೂ ಹುಲ್ಲಿನೆಳೆಯಂಥ ಮೊಳಕೆ ಬಂತು. ಎರಡು ದಿನ ಬಿಟ್ಟು ನೋಡಿದರೆ ಬ್ಯಾಗುಗಳೆಲ್ಲ ಬೋಳು. ಬೀಜದಂಗಡಿಯವರನ್ನು ಬೈದುಕೊಂಡು ಮತ್ತೆ ಬಿತ್ತಿದೆ. ಮತ್ತೆ ಬೋಳು. ಗುಬ್ಬಿಯ ಕೆಲಸ ಇರಬೇಕು ಅಂತ ಹಳೇ ಸೊಳ್ಳೆ ಪರದೆ ಕಟ್ಟಿದೆ. ಆದರೂ ಅದೇ ಕಥೆ.

ಒಂದು ರಾತ್ರಿ ಹತ್ತು ಗಂಟೆಗೆ ಮಳೆ ಹನಿಯಿತು ಅಂತ ಬಟ್ಟೆ ತರಲು ಟಾರ್ಚ್ ಹಿಡಿದು ಮೇಲೆ ಹೋದೆ. ಬ್ಯಾಗಿನ ಮೈಮೇಲೆ ಬೆಳ್ಳಿ ಗೀಟು ಎಳೆದ ಹಾಗೆ ಹೊಳೆಯುತ್ತಿತ್ತು. ಅಂಚಿನ ಮೇಲೊಂದು ಬಸವನಹುಳು ಕೊಂಬು ಚಾಚಿಕೊಂಡು ನಿಂತಿತ್ತು. ಬ್ಯಾಗನ್ನು ಓರೆ ಮಾಡಿ ನೋಡಿದರೆ ಅಡಿಯಲ್ಲಿ ಏಳು! ಕತ್ತಲೆ, ತೇವ, ತಂಪು. ಹಗಲೆಲ್ಲ ಅಲ್ಲೇ ನಿದ್ದೆ, ರಾತ್ರಿ ಮೇಲೆ ಹತ್ತಿ ಊಟ. ಸಾಕಿದವನು ನಾನೇ.

ಸರಿ, ದಿನಾ ಎತ್ತಿ ಆರಿಸೋಣ ಅಂದರೆ ನೆಂದ ಬ್ಯಾಗನ್ನು ಎತ್ತಲು ಇಬ್ಬರು ಬೇಕು. ಮೂರನೇ ದಿನಕ್ಕೆ ಒಂದರ ಹಿಡಿಯ ಹೊಲಿಗೆ ಬಿಟ್ಟು ಅರ್ಧ ಮಣ್ಣು ತಾರಸಿ ಮೇಲೆ ಬಿತ್ತು. ಇಟ್ಟಿಗೆ ಮೇಲೆ ಇಡಬಹುದಿತ್ತಲ್ವಾ ಅಂತ ಕೇಳುತ್ತೀರಿ. ಇಟ್ಟೆ. ಇಟ್ಟಿಗೆಗಳ ನಡುವೆ ಬ್ಯಾಗಿನ ಹೊಟ್ಟೆ ಜೋತುಬಿದ್ದು ಮಡಿಕೆಯಾಯಿತು, ಹುಳುಗಳು ಆ ಮಡಿಕೆಗೆ ಸಂಸಾರ ಬದಲಾಯಿಸಿದವು.

ಬಕೆಟ್ಟಿನ ತಳ ಗಟ್ಟಿ. ಮೂರು ಇಟ್ಟಿಗೆ ಮೇಲೆ ಕೂರಿಸಿದರೆ ಅಡಿಯಲ್ಲಿ ಗಾಳಿ ಬೆಳಕು ಆಡುತ್ತದೆ, ಅಡಗಲು ಜಾಗ ಇಲ್ಲ. ಒಂದೆರಡು ಹುಳು ಹತ್ತಿದ್ದೂ ಉಂಟು, ಬೆಳಗ್ಗೆ ಕೈಗೇ ಸಿಕ್ಕವು. ಮಳೆ ಜೋರಾದರೆ ಹಿಡಿ ಹಿಡಿದು ಸಜ್ಜಾ ಕೆಳಗೆ ಎಳೆದುಕೊಳ್ಳಬಹುದು.

ಬಕೆಟ್ಟಿಗೂ ಕಷ್ಟ ಇದೆ. ಒಣಗಿದ ಬಣ್ಣ ಕೆರೆಯಲು ಒಂದು ಭಾನುವಾರ ಹೋಯಿತು (ನೀರಿನ ಪೇಂಟಿನದ್ದನ್ನೇ ಆರಿಸಿ). ಮೊದಲು ತಳಕ್ಕೆ ಮೂರೇ ತೂತು ಹಾಕಿದ್ದೆ, ಅಕ್ಟೋಬರ್ ಮಳೆಗೆ ನೀರು ನಿಂತಿತು. ಆಮೇಲೆ ಕಂಬಿ ಕಾಯಿಸಿ ಪಕ್ಕಕ್ಕೆ ಎಂಟು ತೂತು ಸುಟ್ಟೆ.

ಥರ್ಮಾಕೋಲ್ ಡಬ್ಬಿಯನ್ನೂ ನೋಡಿದೆ. ಹೆಗ್ಗಣ ಒಂದೇ ರಾತ್ರಿಯಲ್ಲಿ ಮೂಲೆ ಕಡಿದು ಹಾಕಿತು.

ಬಕೆಟ್ಟಿಗೆ ಹನ್ನೆರಡು ಗಿಡ ಉಳಿಸಿ ಮಿಕ್ಕಿದ್ದು ಕಿತ್ತೆ. ನೂರು ದಿನಕ್ಕೆ ಹತ್ತು ನೆಟ್ಟಗಿನ ಕ್ಯಾರೆಟ್ ಬಂದವು, ಗಂಟಿಲ್ಲ, ಕವಲಿಲ್ಲ. ಮೇಲೆದ್ದ ತಲೆಗೆ ಮಣ್ಣು ಏರಿಸಲು ಮರೆತ ಎರಡರ ಭುಜ ಮಾತ್ರ ಹಸಿರಾಗಿತ್ತು. ಬ್ಯಾಗಿನ ಲೆಕ್ಕ ಕೇಳಬೇಡಿ.

ದಿನಕ್ಕೆರಡು ಸಲ ಮೇಲೆ ಹೋಗಿ ನೀರು ಹಾಕುವವರಿಗೆ, ಮಳೆ ಕಡಿಮೆ ಇರುವ ಕಡೂರಿನ ಕಡೆಯವರಿಗೆ ಬ್ಯಾಗು ಆಗಬಹುದೇನೋ. ನಾನು ನೀರು ಹಾಕುವುದು ಬೆಳಗ್ಗೆ ಒಂದೇ ಸಲ, ಸೊಂಟವೂ ಅಷ್ಟು ನೆಟ್ಟಗಿಲ್ಲ. ಉಳಿದ ಬ್ಯಾಗಿನಲ್ಲಿ ದೊಡ್ಡಪತ್ರೆ ಹಾಕಿದ್ದೇನೆ, ಅದನ್ನು ಯಾವ ಹುಳವೂ ಮೂಸಿಲ್ಲ.

ಎದುರು ಮನೆಗೆ ಈಗ ಬಣ್ಣ ಹೊಡೆಯುತ್ತಿದ್ದಾರೆ. ನಾಲ್ಕು ಬಕೆಟ್ಟು ನನಗೇ ಅಂತ ಹೇಳಿಟ್ಟಿದ್ದೇನೆ.