ಮಳೆಗಾಲದ ಎನ್‌ಪಿಟಿಇಎಲ್ ಕೋರ್ಸು: ಶಿರಸಿಯಿಂದ ಸೇರುವವರಿಗೆ

ಎನ್‌ಪಿಟಿಇಎಲ್ ಎಂದರೆ ಐಐಟಿಗಳು ಸೇರಿ ನಡೆಸುವ ಆನ್‌ಲೈನ್ ಕೋರ್ಸುಗಳ ಯೋಜನೆ. ಐಐಟಿ ಪ್ರಾಧ್ಯಾಪಕರ ಪಾಠ ಪುಕ್ಕಟೆ, ಶುಲ್ಕ ಪರೀಕ್ಷೆಗೆ ಮಾತ್ರ. ಪಾಠದ ಬಗ್ಗೆ ತಕರಾರಿಲ್ಲ. ಜನ ಎಡವುವುದು ಅಂಕದ ಲೆಕ್ಕದಲ್ಲಿ. ಒಟ್ಟು 100ರಲ್ಲಿ ವಾರವಾರದ ಅಸೈನ್‌ಮೆಂಟುಗಳಿಗೆಲ್ಲ ಸೇರಿ 25, ಪರೀಕ್ಷೆಗೆ 75. ಸರ್ಟಿಫಿಕೇಟು ಬೇಕಾದರೆ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬೇರೆಬೇರೆಯಾಗಿಯೇ ಬರಬೇಕು. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ.

12 ವಾರದ ಕೋರ್ಸಿನಲ್ಲಿ ಉತ್ತಮವಾದ 8 ಅಸೈನ್‌ಮೆಂಟು ಮಾತ್ರ ಲೆಕ್ಕಕ್ಕೆ. ಜುಲೈಯಲ್ಲಿ ಶುರುವಾಗುವ ಸರದಿಗೆ ಈ ರಿಯಾಯಿತಿ ಬೇಕೇ ಬೇಕು: ಮರ ಬಿದ್ದು ಕರೆಂಟು ಹೋದರೆ ಘಟ್ಟದ ಮೇಲೆ ಮೊಬೈಲ್ ಟವರೂ ಮಲಗುತ್ತದೆ. ಗಡುವಿನ ರಾತ್ರಿಗೆ ಕಾಯಬೇಡಿ. ತೋಚಿದ ಉತ್ತರವನ್ನು ಮೊದಲೇ ಸಲ್ಲಿಸಿ, ಗಡುವಿನೊಳಗೆ ತಿದ್ದಿ ಮತ್ತೆ ಸಲ್ಲಿಸಬಹುದು. ಕೊನೆಯ ಸಲದ್ದೇ ಎಣಿಕೆಗೆ. ವಿಡಿಯೊಗಳನ್ನು ನೆಟ್ ಇದ್ದಾಗಲೇ ಇಳಿಸಿಟ್ಟುಕೊಳ್ಳಿ.

ಕೋರ್ಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಹೋಗಿರುವುದಿಲ್ಲ. ಆ ಫಾರ್ಮೇ ಬೇರೆ, ಅದರ ಕೊನೆಯ ದಿನವೂ ಬೇರೆ. ಪರೀಕ್ಷೆ ಮನೆಯಲ್ಲಲ್ಲ, ಕೇಂದ್ರದಲ್ಲಿ. ಊರು ಆರಿಸುವಾಗ ಬಸ್ಸಿನ ವೇಳೆಯನ್ನೂ ನೋಡಿ. ಹುಬ್ಬಳ್ಳಿಯಾದರೆ ಶಿರಸಿಯಿಂದ ಸುಮಾರು 100 ಕಿಲೋಮೀಟರ್. ಬೆಳಗಿನ ಪಾಳಿಗೆ ಹಿಂದಿನ ದಿನವೇ ಹೊರಡುವುದು ಒಳ್ಳೆಯದು.