ಕೋರ್ 2 ಡ್ಯುಯೊದಲ್ಲಿ ವಿಎಲ್‌ಸಿ, ಅವಿಡೆಮಕ್ಸ್: ಹಲವು ವರ್ಷ ಬಳಸಿದ ಮೇಲೆ

ಕೋರ್ 2 ಡ್ಯುಯೊ ಪ್ರೊಸೆಸರ್, 4 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇಂಥ ಡೆಸ್ಕ್‌ಟಾಪ್‌ನಲ್ಲಿ ವಿಡಿಯೊ ನೋಡಲು ವಿಎಲ್‌ಸಿ, ಕತ್ತರಿಸಲು ಅವಿಡೆಮಕ್ಸ್ ಸಾಕು. ಎರಡೂ ಉಚಿತ. ಫೈಲಿನ ಹೆಸರಿನ ಬಾಲದಲ್ಲಿರುವ ಎಂಪಿ4, ಎಂಕೆವಿ ನೋಡಿ ಓಡುತ್ತದೋ ಇಲ್ಲವೋ ಎಂದು ತೀರ್ಮಾನಿಸಬೇಡಿ. ಅವು ಬರೀ ಡಬ್ಬಿ. ಪ್ರೊಸೆಸರ್‌ಗೆ ಭಾರವಾಗುವುದು ಒಳಗಿರುವ ಕೋಡೆಕ್, ಅಂದರೆ ವಿಡಿಯೊವನ್ನು ಕುಗ್ಗಿಸಿರುವ ವಿಧಾನ.

ವಿಎಲ್‌ಸಿಯಲ್ಲಿ ಫೈಲ್ ತೆರೆದು ಕಂಟ್ರೋಲ್ ಹಿಡಿದು ಜೆ ಒತ್ತಿದರೆ ಕೋಡೆಕ್ ಯಾವುದೆಂದು ಕಾಣುತ್ತದೆ. ಎಚ್.264, 720ಪಿ ಸಲೀಸಾಗಿ ಓಡುತ್ತದೆ. 1080ಪಿ ಆದರೆ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಎಂಬುದು) ನೋಡಿಕೊಳ್ಳಬೇಕು. ಎಚ್‌ಇವಿಸಿ (ಎಚ್.265 ಎಂಬ ಹೊಸ ಕೋಡೆಕ್) 1080ಪಿ ತಡವರಿಸುತ್ತದೆ. ಇಂಟೆಲ್ ಚಿಪ್‌ಗಳಲ್ಲಿ ಅದಕ್ಕೆ ಪೂರ್ಣ ಹಾರ್ಡ್‌ವೇರ್ ನೆರವು ಸಿಕ್ಕಿದ್ದೇ 2015ರ ಸ್ಕೈಲೇಕ್‌ನಲ್ಲಿ; ಹಳೆಯ ಯಂತ್ರ ಪ್ರತಿ ಫ್ರೇಮನ್ನೂ ಸಾಫ್ಟ್‌ವೇರ್‌ನಲ್ಲೇ ಬಿಡಿಸಬೇಕು. ಅದೇ ಕಿಟಕಿಯ ಸ್ಟ್ಯಾಟಿಸ್ಟಿಕ್ಸ್ ಪುಟದಲ್ಲಿ ಕಳೆದುಹೋದ ಫ್ರೇಮುಗಳ ಸಂಖ್ಯೆ ಏರುತ್ತಿದ್ದರೆ, ಪ್ರಿಫರೆನ್ಸಸ್‌ನ ಇನ್‌ಪುಟ್/ಕೋಡೆಕ್ಸ್ ವಿಭಾಗದಲ್ಲಿ ಎಚ್.264 ಡಿಬ್ಲಾಕಿಂಗ್ ಫಿಲ್ಟರ್ ಬಿಡುವ ಆಯ್ಕೆಯನ್ನು 'ಆಲ್' ಮಾಡಿ. ಚಿತ್ರದಲ್ಲಿ ಚೌಕಚೌಕ ಕಲೆ ಸ್ವಲ್ಪ ಹೆಚ್ಚುತ್ತದೆ. ತಡೆತಡೆದು ಓಡುವುದಕ್ಕಿಂತ ಅದು ವಾಸಿ.

ಅವಿಡೆಮಕ್ಸ್‌ನ ಮಹತ್ವವೆಲ್ಲ 'ಕಾಪಿ' ಎಂಬ ಒಂದು ಆಯ್ಕೆಯಲ್ಲಿದೆ. ವಿಡಿಯೊ, ಆಡಿಯೊ ಎರಡನ್ನೂ ಕಾಪಿಯಲ್ಲೇ ಬಿಟ್ಟು, ಔಟ್‌ಪುಟ್ ಎಂಕೆವಿ ಮಾಡಿ ಉಳಿಸಿದರೆ ಮತ್ತೆ ಎನ್‌ಕೋಡ್ ಆಗುವುದಿಲ್ಲ. ಗುಣಮಟ್ಟ ಎಳ್ಳಷ್ಟೂ ಇಳಿಯುವುದಿಲ್ಲ, ಹಾರ್ಡ್‌ಡಿಸ್ಕ್ ಎಷ್ಟು ವೇಗವೋ ಕೆಲಸವೂ ಅಷ್ಟೇ ವೇಗ. ಆದರೆ ತುಂಡಿನ ಆರಂಭ, ಅಂದರೆ 'ಎ' ಗುರುತು, ಕೀಫ್ರೇಮ್ (ಇಡೀ ಚಿತ್ರವಿರುವ ಫ್ರೇಮ್) ಮೇಲೆಯೇ ಬೀಳಬೇಕು. ಮೇಲೆ-ಕೆಳಗಿನ ಬಾಣದ ಕೀಲಿಗಳು ಕೀಫ್ರೇಮಿನಿಂದ ಕೀಫ್ರೇಮಿಗೆ ಜಿಗಿಯುತ್ತವೆ. ನಡುವೆ ಕತ್ತರಿಸಿದರೆ ಆರಂಭದ ಚಿತ್ರ ಕಲಸಿಹೋಗುತ್ತದೆ, ಏಕೆಂದರೆ ಮುಂದಿನ ಫ್ರೇಮುಗಳಲ್ಲಿ ಇರುವುದು ಬರೀ ವ್ಯತ್ಯಾಸದ ಮಾಹಿತಿ. ಎಚ್.264 ಎನ್‌ಕೋಡರ್ ಆದ ಎಕ್ಸ್264ರ ಸಹಜ ಸೆಟ್ಟಿಂಗ್‌ನಲ್ಲಿ ಎರಡು ಕೀಫ್ರೇಮ್‌ಗಳ ಅಂತರ 250 ಫ್ರೇಮ್‌ವರೆಗೆ ಹೋಗಬಹುದು. ಸೆಕೆಂಡಿಗೆ 25 ಫ್ರೇಮ್ ಎಂದರೆ 10 ಸೆಕೆಂಡ್. ಮಾತಿನ ಮಧ್ಯೆ ಕರಾರುವಾಕ್ಕಾಗಿ ಕತ್ತರಿಸಬೇಕೆನ್ನುವವರಿಗೆ ಇದು ಸಾಲದು.

ಹಳೆಯ ಮದುವೆ ಡಿವಿಡಿಗಳಿಗಂತೂ ಅವಿಡೆಮಕ್ಸ್‌ಗಿಂತ ಒಳ್ಳೆಯದು ಸಿಕ್ಕಿಲ್ಲ. ಡಿಸ್ಕಿನ ವಿಒಬಿ ಫೈಲುಗಳು ಸುಮಾರು 1 ಜಿಬಿಯ ತುಂಡುಗಳಾಗಿರುತ್ತವೆ. ಮೊದಲು ಅವನ್ನು ಹಾರ್ಡ್‌ಡಿಸ್ಕಿಗೆ ನಕಲು ಮಾಡಿ. ಗೀರುಬಿದ್ದ ಡಿಸ್ಕಿನಿಂದ ನೇರವಾಗಿ ತೆರೆದರೆ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ. ಬಳಿಕ ಮೆನು ಬಿಟ್ಟು ಚಿತ್ರದ ಮೊದಲ ತುಂಡನ್ನು ತೆರೆಯಿರಿ. ಅದು ಇಂಡೆಕ್ಸ್ (ಫ್ರೇಮುಗಳ ಪಟ್ಟಿ) ಮಾಡಿಕೊಳ್ಳುವವರೆಗೆ ಕಾಯಿರಿ. ನಮ್ಮ ಪಾಲ್ (ಭಾರತದ ಟಿವಿ ಮಾದರಿ) ಡಿವಿಡಿಗಳು 720×576, ಬಹುತೇಕ ಇಂಟರ್‌ಲೇಸ್ಡ್ (ಪ್ರತಿ ಫ್ರೇಮನ್ನೂ ಸಾಲು ಬಿಟ್ಟು ಸಾಲಾಗಿ ಎರಡು ಸಲ ಹಿಡಿದದ್ದು; ಚಲನೆಯಿರುವಲ್ಲಿ ಅಡ್ಡಗೆರೆ ಕಾಣುತ್ತದೆ). ಕಾಪಿ ಮಾಡಿದರೆ ಆ ಅಡ್ಡಗೆರೆಗಳೂ ಹಾಗೇ ಬರುತ್ತವೆ. ತೆಗೆಯಬೇಕಿದ್ದರೆ ಯಾಡಿಫ್ ಫಿಲ್ಟರ್ ಹಾಕಿ ಎಕ್ಸ್264ಗೆ ಎನ್‌ಕೋಡ್ ಮಾಡಿ. ಚಿತ್ರ ಚಿಕ್ಕದಾದ್ದರಿಂದ ಕೋರ್ 2 ಡ್ಯುಯೊ ಇದನ್ನು ತಾಳಿಕೊಳ್ಳುತ್ತದೆ.

ಸದ್ದು ಒಂದೇ ಪ್ರಮಾಣದಲ್ಲಿ ಹಿಂದೆ ಬಿದ್ದಿದ್ದರೆ ಆಡಿಯೊದ 'ಶಿಫ್ಟ್'ನಲ್ಲಿ ಮಿಲಿಸೆಕೆಂಡ್ ಕೊಟ್ಟು ಸರಿಪಡಿಸಬಹುದು. ಹೋಗುತ್ತ ಹೋಗುತ್ತ ಹೆಚ್ಚುವ ವ್ಯತ್ಯಾಸಕ್ಕೆ ಅದು ಮದ್ದಲ್ಲ. ಶೀರ್ಷಿಕೆ, ಒಂದರ ಮೇಲೊಂದು ಪದರ ಇವೆಲ್ಲ ಅವಿಡೆಮಕ್ಸ್‌ನಲ್ಲಿ ಇಲ್ಲ.

ಫೋನಿನ ವಿಡಿಯೊ ತರುವವರು ಕ್ಯಾಮೆರಾದಲ್ಲೇ ಎಚ್‌ಇವಿಸಿ ಬಿಟ್ಟು ಎಚ್.264 ಆರಿಸಿಕೊಳ್ಳಿ. ಐಫೋನ್‌ನಲ್ಲಿ ಅದು ಫಾರ್ಮ್ಯಾಟ್ಸ್ ಅಡಿಯ 'ಮೋಸ್ಟ್ ಕಂಪ್ಯಾಟಿಬಲ್'. 1080ಪಿ, 30 ಫ್ರೇಮಿನ ಒಂದು ನಿಮಿಷಕ್ಕೆ ಸುಮಾರು 60 ಎಂಬಿ ಬದಲು 130 ಎಂಬಿ ಹಿಡಿಯುತ್ತದೆ, ಆದರೆ ಹಳೆಯ ಯಂತ್ರಕ್ಕೆ ಹೊರೆ ಇಳಿಯುತ್ತದೆ.